ಗೋದಕ್ಕ ತಡೆದುಕೊಂಡದ್ದು

ಪಕ್ಷಮಾಸದ ನವಮಿ. ವಡೆ ತಟ್ಟುತ್ತಿದ್ದ ಗೋದಕ್ಕನ ಕೈ ನಿಂತಿತು. ಎಣ್ಣೆ ಕಾದು ಹೊಗೆ ಏಳುತ್ತಿತ್ತು. ಅವರು ಮೊಣಕೈಯಿಂದ ಹೊಟ್ಟೆಯ ಎಡಭಾಗ ಒತ್ತಿಕೊಂಡು, "ವಿದ್ಯಾ, ಹೊಟ್ಟಿ ಯಾಕೋ ಭಾಳ ಬಿಗದದ," ಅಂದರು.

"ಗ್ಯಾಸ್ ಇರಬೇಕ್ರಿ. ಎಣ್ಣಿ ಹೊಗಿ ಆಡ್ಲಿಕ್ಹತ್ತದ ನೋಡ್ರಿ, ಮೊದಲ ವಡಿ ಬಿಡ್ರಿ."

ಹೀಗೆ ಅಂದವಳು ನಾನು. ಅವರ ಹೊಟ್ಟೆಗಿಂತ ನನಗೆ ಎಣ್ಣೆಯ ಚಿಂತೆ.

ಗೋದಕ್ಕ ಅಂದರೆ ಗೋದಾವರಿ, ನನ್ನ ಗಂಡ ಶ್ರೀಪಾದ ಅವರ ಅಕ್ಕ. ವಯಸ್ಸು ಐವತ್ತೊಂಬತ್ತು. ಗಂಡ ತೀರಿಹೋದ ಮೇಲೆ ಬಾಗಲಕೋಟೆಯಿಂದ ಪುಣೆಗೆ ಬಂದು ನಮ್ಮ ಜೊತೆ ಇರಲು ಶುರು ಮಾಡಿ ಹನ್ನೆರಡು ವರ್ಷವಾಯಿತು. ಕಾತ್ರಜದ ಹತ್ತಿರ ಧನಕವಡಿಯಲ್ಲಿ ನಮ್ಮ ಮನೆ. ಹಿಂದಿನ ಎರಡು ಕೋಣೆಗಳಲ್ಲಿ ನಾವು ಮಡಿ ಅಡುಗೆ ಮಾಡಿ ಕೊಡುತ್ತೇವೆ. ಊರು ಬಿಟ್ಟು ಬಂದ ನಮ್ಮ ಕನ್ನಡದ ಮಂದಿಗೆ ಅಪ್ಪ ಅಮ್ಮನ ಶ್ರಾದ್ಧ ಬಂತೆಂದರೆ ಕೈಕಾಲು ಆಡುವುದಿಲ್ಲ. ಆಗ ನನಗೆ ಫೋನ್ ಮಾಡುತ್ತಾರೆ. ಎಳ್ಳಿನ ಚಿಗಳಿಯಿಂದ ಹಿಡಿದು ಪಾಯಸದವರೆಗೆ ಎಲ್ಲ ಡಬ್ಬಿಯಲ್ಲಿ ತುಂಬಿ, ಪುರೋಹಿತರು ಕೂರುವ ಹೊತ್ತಿಗೆ ಮನೆಗೆ ಮುಟ್ಟಿಸುತ್ತೇವೆ. ಪಕ್ಷಮಾಸದ ಹದಿನೈದು ದಿನ ನಮಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ.

ಮಡಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಅಡುಗೆ ಮಾಡುವವರು ತಲೆಗೆ ಸ್ನಾನ ಮಾಡಿ, ಯಾರೂ ಮುಟ್ಟದ ಹಾಗೆ ಮೇಲೆ ಗಳದ ಮೇಲೆ ಒಣಹಾಕಿದ ಸೀರೆಯನ್ನು ಕೋಲಿನಿಂದ ಇಳಿಸಿ ಉಡಬೇಕು. ಆಮೇಲೆ ಯಾರನ್ನೂ ಮುಟ್ಟುವಂತಿಲ್ಲ. ನೈವೇದ್ಯ ಆಗುವವರೆಗೆ ಏನೂ ತಿನ್ನುವಂತಿಲ್ಲ. ನಮ್ಮಲ್ಲಿ ನೀರೂ ಇಲ್ಲ. ನಡುವೆ ಸಂಡಾಸಕ್ಕೆ ಹೋದರೆ ಮಡಿ ಹೋಯಿತು. ಸೀರೆ ಬಿಚ್ಚಿ, ಹೋಗಿ ಬಂದು, ಮತ್ತೆ ತಲೆಗೆ ನೀರು ಹಾಕಿಕೊಂಡು, ಇನ್ನೊಂದು ಮಡಿ ಸೀರೆ ಇಳಿಸಬೇಕು. ಮುಕ್ಕಾಲು ತಾಸು ಹಾಳು. ಅಷ್ಟರಲ್ಲಿ ನಲ್ಲಿ ನೀರು ನಿಂತಿರುತ್ತದೆ, ಒಲೆಯ ಮೇಲಿದ್ದದ್ದು ಹತ್ತಿರುತ್ತದೆ.

ಅದಕ್ಕೆ ನಾನೊಂದು ನಿಯಮ ಮಾಡಿದ್ದೆ. ಬೆಳಿಗ್ಗೆ ಮಡಿ ಉಡುವ ಮೊದಲು ಹೋಗಿ ಬಂದರೆ ಬಂತು. ಇಲ್ಲದಿದ್ದರೆ ಎಲ್ಲ ಡಬ್ಬಿ ಮನೆ ಬಿಟ್ಟ ಮೇಲೆ.

ಮಡಿಯಲ್ಲಿ ಇರುತ್ತಿದ್ದವರು ಗೋದಕ್ಕ ಒಬ್ಬರೇ. ನಾನು ಫೋನು, ತರಕಾರಿ, ಡಬ್ಬಿ ನೋಡಿಕೊಳ್ಳುವವಳು, ಅಂದರೆ ಮೈಲಿಗೆಯವಳು. ಬೆಳಗಿನಿಂದ ಮಧ್ಯಾಹ್ನದವರೆಗೆ ನನಗೆ ಮೂರು ಸಲ ಚಹಾ ಆಗುತ್ತಿತ್ತು. ಬೇಕೆಂದಾಗ ಎದ್ದು ಹೋಗಿ ಬರುತ್ತಿದ್ದೆ. ಅಡುಗೆಮನೆಯ ಹೊಸ್ತಿಲ ಈಚೆ ಕೂತು, ಬಿಸಿ ಚಹಾ ಊದುತ್ತ, ಆಚೆ ಇದ್ದವರಿಗೆ ನಿಯಮ ಹೇಳುತ್ತಿದ್ದೆ.

ಇಷ್ಟೇ ಆಗಿದ್ದರೆ ಹೇಗೋ ಇರುತ್ತಿತ್ತು. ನಾನು ಅದನ್ನು ಹೊಗಳಿಕೊಂಡು ತಿರುಗಿದೆ. ಮಗರಪಟ್ಟಾದ ಟವರಿನಲ್ಲಿ ಇರುವ ಬೆಂಗಳೂರಿನ ಹುಡುಗಿ ಒಬ್ಬಳು, ಗಂಡನ ತಂದೆಯ ಶ್ರಾದ್ಧಕ್ಕೆ ಮೊದಲ ಸಲ ಫೋನ್ ಮಾಡಿದಾಗ, "ಆಂಟಿ, ಪ್ಯೂರ್ ಆಗಿರುತ್ತೆ ಅಲ್ವಾ? ನಮ್ಮ ಅತ್ತೆ ಸ್ವಲ್ಪ ಸ್ಟ್ರಿಕ್ಟು," ಅಂದಿದ್ದಳು.

"ಏನ್ ಕೇಳ್ತೀಯವ್ವಾ! ನಮ್ಮ ಗೋದಕ್ಕ ಒಲಿ ಮುಂದ ನಿಂತ್ರಂದ್ರ ಮುಗಿಯೂ ತನಕಾ ಒಂದು ಹನಿ ನೀರು ಮುಟ್ಟೂದಿಲ್ಲ. ಹೊರಕಡಿಗೆ ಸೈತ ಹೋಗೂದಿಲ್ಲ," ಅಂದಿದ್ದೆ.

"ವಾವ್ ಆಂಟಿ."

ಆ ವಾವ್ ಕೇಳಿ ನಾನು ಉಬ್ಬಿಹೋಗಿದ್ದೆ.

ನವಮಿಯ ಸಂಜೆ ಗೋದಕ್ಕ ಊಟ ಮಾಡಲಿಲ್ಲ. ಓಮಿನ ಕಾಳು, ಇಂಗು ಕೊಟ್ಟೆ. ನಾಲ್ಕು ದಿನದಿಂದ ಹೊರಕಡೆಗೆ ಆಗಿಲ್ಲ ಎಂದು ಆಗ ಹೇಳಿದರು. ನನಗೇನೂ ದೊಡ್ಡದು ಅನಿಸಲಿಲ್ಲ. ಅವರಿಗೆ ಅದು ಯಾವಾಗಲೂ ಇದ್ದದ್ದೇ. ವಾರದಲ್ಲಿ ಎರಡು ಸಲ ಹೋದರೆ ಹೆಚ್ಚು. ಪಕ್ಷಮಾಸದಲ್ಲಂತೂ ಒಂದು ಸಲ. ನಾವಿಬ್ಬರೂ ಅದರ ಮೇಲೆ ನಗೆಯಾಡುತ್ತಿದ್ದೆವು. "ನಿಮ್ಮ ಹೊಟ್ಟಿ ಸರಕಾರಿ ಆಫೀಸ್ರಿ, ಫೈಲ್ ಮುಂದ ಹೋಗೂದ ಇಲ್ಲ," ಅಂತ ನಾನು ಅಂದರೆ ಅವರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು.

ದಶಮಿಯ ದಿನ ಎರಡು ಶ್ರಾದ್ಧದ ಅಡುಗೆ. ಒಂದು ಮಗರಪಟ್ಟಾಕ್ಕೆ, ಇನ್ನೊಂದು ಪೇಟೆಯ ಕಡೆಗೆ. ಎಂಟು ಗಂಟೆಗೆ ಗೋದಕ್ಕ ಹೊಸ್ತಿಲಿನ ತನಕ ಬಂದು ನಿಂತರು. ಮುಖ ಬೆವರಿತ್ತು. ಮಡಿ ಸೀರೆಯ ನೆರಿಗೆ ಹೊಟ್ಟೆಯ ಮೇಲೆ ನಿಲ್ಲುತ್ತಿರಲಿಲ್ಲ, ಹೊಟ್ಟೆ ಅಷ್ಟು ಉಬ್ಬಿತ್ತು.

"ವಿದ್ಯಾ, ಗಾಳಿನೂ ಸರೀಲಿಕ್ಕೆ ಒಲ್ಲದು. ಒಂದು ಸಲ ಸಂಡಾಸಕ್ಕರ ಹೋಗಿ ಕೂಡ್ತೀನಿ. ಇಲ್ಲಾಂದ್ರ ದವಾಖಾನಿಗೆ ಹೋಗಿ ಬರೂಣೇನು?"

ಅವರು ಹೀಗೆ ಕೇಳುವವರೇ ಅಲ್ಲ. ಹನ್ನೆರಡು ವರ್ಷದಲ್ಲಿ ಒಂದು ಸಲವೂ ದವಾಖಾನೆ ಅಂದವರಲ್ಲ. ಅಷ್ಟಾದರೂ ನನಗೆ ಹೊಳೆಯಬೇಕಿತ್ತು.

"ಅಯ್ಯ ಗೋದಕ್ಕಾ, ಈಗ ಮಡಿ ಬಿಟ್ರ ಹ್ಯಾಂಗ್ರಿ? ಮಗರಪಟ್ಟಾಕ್ಕ ಹನ್ನೆರಡರೊಳಗ ಮುಟ್ಟಬೇಕು. ನಾಳೆ ಏಕಾದಶಿ, ಶ್ರಾದ್ಧ ಇಲ್ಲ. ನಾಳೆ ನಾನ ಕರಕೊಂಡು ಹೋಗ್ತೀನಿ. ಇವತ್ತೊಂದಿನ ತಡಕೊಳ್ರಿ."

ಅವರು ತಡೆದುಕೊಂಡರು.

ಹಾಗಲಕಾಯಿ ಪಲ್ಯ, ಬಾಳೆಕಾಯಿ, ವಡೆ, ಪಾಯಸ, ಎಲ್ಲ ಆಯಿತು. ಉಪ್ಪು ಒಂದು ಕಾಳು ಹೆಚ್ಚು ಕಡಿಮೆ ಆಗಲಿಲ್ಲ. ಡಬ್ಬಿಗಳು ಹೊತ್ತಿಗೆ ಸರಿಯಾಗಿ ಮುಟ್ಟಿದವು. ಸಂಜೆ ನಾನು ಇನ್ನೊಂದು ಶಾಣ್ಯಾತನ ಮಾಡಿದೆ. ಎರಡು ಚಮಚ ಹರಳೆಣ್ಣೆ ಕುಡಿಸಿದೆ. ದಾರಿ ಮುಚ್ಚಿಹೋದ ಕರುಳಿಗೆ ಹರಳೆಣ್ಣೆ ಕೊಡುವುದು ಎಂಥ ಅಪಾಯ ಎಂದು ಆಮೇಲೆ ಡಾಕ್ಟರು ಹೇಳಿದರು. ಆ ಹೊತ್ತಿನಲ್ಲಿ ಮಾತ್ರ ನಾನು ಬಹಳ ಕಾಳಜಿಯ ಹೆಂಗಸಾಗಿದ್ದೆ.

ಏಕಾದಶಿ ಬೆಳಗಾಗುವಾಗ ಗೋದಕ್ಕ ಬಚ್ಚಲಲ್ಲಿ ವಾಂತಿ ಮಾಡುತ್ತಿದ್ದರು. ಹೊಟ್ಟೆ ಮುಟ್ಟಿದರೆ ಚೀರುತ್ತಿದ್ದರು. ನಮ್ಮವರು ವ್ಯಾನ್ ತೆಗೆದರು. ಡಬ್ಬಿ ಇಡುವ ಜಾಗದಲ್ಲಿ ಚಾಪೆ ಹಾಸಿ ಅವರನ್ನು ಮಲಗಿಸಿದೆವು.

ಕ್ಯಾಜುವಾಲ್ಟಿಯಲ್ಲಿ ಒಬ್ಬ ತರುಣ ಡಾಕ್ಟರು ಹೊಟ್ಟೆ ಒತ್ತಿ ನೋಡಿ ನನ್ನ ಕಡೆ ತಿರುಗಿದರು. "ಕಧೀಪಾಸೂನ್ ದುಖತಂಯ್?" ಯಾವಾಗಿನಿಂದ ನೋವು ಎಂದು.

"ಆಜ್ ಸಕಾಳಪಾಸೂನ್," ಅಂದೆ. ಇವತ್ತು ಬೆಳಗಿನಿಂದ.

ಯಾಕೆ ಹಾಗೆ ಅಂದೆನೋ. ಯೋಚಿಸಿ ಹೇಳಿದ ಸುಳ್ಳಲ್ಲ. ಬಾಯಿ ತಾನೇ ಹೇಳಿಬಿಟ್ಟಿತು. ಎರಡು ದಿನ ಮನೆಯಲ್ಲಿ ಇಟ್ಟುಕೊಂಡು ಏನು ಮಾಡುತ್ತಿದ್ದಿರಿ ಅಂತ ಅವರು ಕೇಳಿದರೆ ಏನು ಹೇಳಲಿ ಎಂಬ ಹೆದರಿಕೆ. ಸ್ಟ್ರೆಚರಿನ ಮೇಲೆ ಗೋದಕ್ಕ ಕಣ್ಣು ಬಿಟ್ಟು ನನ್ನ ಕಡೆ ನೋಡಿದರು. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ. ಕಣ್ಣು ಮುಚ್ಚಿಕೊಂಡರು.

ಎಕ್ಸ್‌ರೇ ಆಯಿತು, ಸಿ.ಟಿ. ಆಯಿತು. ಸರ್ಜನ್ ಬಂದರು. ನನ್ನ ತಂಗಿಯ ವಯಸ್ಸಿನ ಹೆಣ್ಣುಮಗಳು, ಸೊಲ್ಲಾಪುರದ ಕಡೆಯವರು. ನಾನೂ ನಮ್ಮವರೂ ಕನ್ನಡದಲ್ಲಿ ಪಿಸುಗುಟ್ಟುವುದು ಕೇಳಿ, "ನನ್ನದು ಅಜ್ಜಿ ಕಲಿಸಿದ ಕನ್ನಡ, ಮುರುಕ ಮುರುಕ. ನಡೀತದಲ್ಲ?" ಅಂದರು. ಎಕ್ಸ್‌ರೇಯ ಲಕೋಟೆಯ ಬೆನ್ನ ಮೇಲೆ ಪೆನ್ನಿನಿಂದ ಚಿತ್ರ ಬರೆದರು.

"ಇದು ಸಿಗ್ಮಾಯ್ಡ್ ವಾಲ್ವುಲಸ್. ದೊಡ್ಡಕರುಳಿನ ಕಡೀ ಭಾಗ ತಿರುವಿಕೊಂಡದ. ಎರಡೂ ಕಡೆ ದಾರಿ ಬಂದ್. ರಕ್ತಾನೂ ಬಂದ್ ಆಗ್ತಿರ್ತದ. ಬೆಳಗಿನಿಂದ ಅಷ್ಟೇ ಅಂತೀರಲ್ಲ, ಮೊದಲು ಕೆಳಗಿನಿಂದ ಸ್ಕೋಪ್ ಹಾಕಿ ಬಿಡಿಸಲಿಕ್ಕೆ ನೋಡ್ತೀನಿ."

ನಾನು ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಸ್ಕೋಪ್ ಹಾಕಿದರು. ಒಳಗೆ ಕರುಳಿನ ಗೋಡೆ ಕಪ್ಪಾಗಿತ್ತು. ತಕ್ಷಣ ಸ್ಕೋಪ್ ತೆಗೆದು ಆಪರೇಷನ್ ಥಿಯೇಟರಿಗೆ ಒಯ್ದರು. ನಮ್ಮವರು ಕಾಗದಕ್ಕೆ ಸಹಿ ಹಾಕಿದರು. ಮೂರು ತಾಸು ನಾವಿಬ್ಬರೂ ಒಂದು ಬೆಂಚಿನ ಮೇಲೆ ಕೂತಿದ್ದೆವು. ಏಕಾದಶಿ ಇದ್ದದ್ದು ಒಳ್ಳೆಯದಾಯಿತು, ಗಂಟಲಲ್ಲಿ ಹೇಗೂ ಏನೂ ಇಳಿಯುತ್ತಿರಲಿಲ್ಲ. ಮರುದಿನದ ದ್ವಾದಶಿಯ ಶ್ರಾದ್ಧದವರು ನಡುನಡುವೆ ಫೋನ್ ಮಾಡುತ್ತಿದ್ದರು. "ಆಗೂದಿಲ್ರಿ" ಅನ್ನುವುದು ಎಷ್ಟು ಸುಲಭ ಎಂದು ಅವತ್ತು ಗೊತ್ತಾಯಿತು. ಆ ಒಂದು ಶಬ್ದ ಹಿಂದಿನ ದಿನ ನನ್ನ ಬಾಯಿಂದ ಬಂದಿರಲಿಲ್ಲ.

ಸರ್ಜನ್ ಹೊರಗೆ ಬಂದು ಟೊಪ್ಪಿಗೆ ತೆಗೆದರು.

"ಜೀವ ಉಳದದ. ಆದರ ಒಂದೂವರೆ ಫೂಟ್ ಕರುಳು ಸತ್ತಿತ್ತು, ತಗದೀವಿ. ಈಗಿಂದೀಗ ಹೊಲೀಲಿಕ್ಕೆ ಬರೂದಿಲ್ಲ, ಒಳಗ ಸೋಂಕು ಅದ. ಹೊಟ್ಟೀ ಮ್ಯಾಲೆ ಬಾಯಿ ಮಾಡಿ ಚೀಲಾ ಹಚ್ಚೀವಿ. ಮಲ ಅಲ್ಲಿಂದ ಬರ್ತದ. ನಾಕೈದು ತಿಂಗಳಾದ ಮ್ಯಾಲೆ ನೋಡೋಣ."

ಆಮೇಲೆ ನನ್ನನ್ನೇ ನೋಡಿ, ಸಿಟ್ಟಿಲ್ಲದೆ ಹೇಳಿದರು: "ಇದು ಇವತ್ತಿಂದಲ್ಲ. ಒಂದು ದಿವಸ ಮೊದಲು ಬಂದಿದ್ರ ಟ್ಯೂಬ್ ಹಾಕಿ ತಿರುವು ಬಿಡಿಸಬಹುದಿತ್ತು. ಆಮ್ಯಾಲೆ ನಿಧಾನಕ್ಕ ಆಪರೇಷನ್. ಚೀಲಾ ಬೇಕಾಗ್ತಿರಲಿಲ್ಲ."

ಒಂದು ದಿವಸ.

ದಶಮಿ.

ನಮ್ಮವರು ನನ್ನ ಮುಖ ನೋಡಲಿಲ್ಲ. ನೆಲದ ಟೈಲ್ಸ್ ನೋಡುತ್ತ ಕೂತರು. ಹೊಸ್ತಿಲ ಬಳಿ ಗೋದಕ್ಕ ಕೇಳಿದಾಗ ಅವರೂ ಅಲ್ಲೇ ಡಬ್ಬಿ ಒರೆಸುತ್ತಿದ್ದರು.

ಐ.ಸಿ.ಯು.ದಲ್ಲಿ ಗೋದಕ್ಕ ಐದು ದಿನ ಇದ್ದರು. ಆ ದಿನಗಳಲ್ಲಿ ಸರ್ಜನ್ ಸಿಕ್ಕಾಗೆಲ್ಲ ನಾನು ದೊಡ್ಡಕರುಳಿನ ಬಗ್ಗೆ ಕೇಳುತ್ತಿದ್ದೆ. ಐವತ್ತು ದಾಟಿದ ನಾನು, ದಿನಾ ಇಪ್ಪತ್ತು ಮೂವತ್ತು ಮಂದಿಗೆ ಉಣಿಸುವವಳು, ತಿಂದದ್ದು ಎಲ್ಲಿಗೆ ಹೋಗುತ್ತದೆ ಎಂದು ಒಂದು ಸಲವೂ ವಿಚಾರ ಮಾಡಿದವಳಲ್ಲ. ಅವರು ತಾಳ್ಮೆಯಿಂದ ಹೇಳಿದರು. ಊಟದ ಸತ್ವವನ್ನೆಲ್ಲ ಸಣ್ಣಕರುಳು ಹೀರಿಕೊಂಡ ಮೇಲೆ ಉಳಿಯುವುದು ತಿಳಿ ಗಂಜಿಯ ಹಾಗೆ ಇರುತ್ತದಂತೆ. ಅದು ದೊಡ್ಡಕರುಳಿಗೆ ಬರುತ್ತದೆ. ದೊಡ್ಡಕರುಳು ಬಲಗಡೆಯಿಂದ ಮೇಲೆ ಹತ್ತಿ, ಪಕ್ಕೆಲುಬಿನ ಕೆಳಗೆ ಅಡ್ಡ ಹಾಯ್ದು, ಎಡಗಡೆ ಇಳಿಯುತ್ತದೆ. ಹೋಗುತ್ತ ಹೋಗುತ್ತ ಅದರಲ್ಲಿನ ನೀರು, ಉಪ್ಪು ಹೀರಿ ಮೈಗೆ ವಾಪಸು ಕೊಡುತ್ತದೆ. ಅಲ್ಲಿ ಲೆಕ್ಕವಿಲ್ಲದಷ್ಟು ಕ್ರಿಮಿಗಳಿವೆಯಂತೆ, ಒಳ್ಳೆಯವು. ನಮಗೆ ಅರಗದ ನಾರನ್ನು ಅವು ತಿಂದು, ಮೈಗೆ ಬೇಕಾದ ಒಂದೆರಡು ವಿಟಮಿನ್ ಮಾಡಿ ಕೊಡುತ್ತವೆ, ಗ್ಯಾಸನ್ನೂ ಮಾಡುತ್ತವೆ. ಉಳಿದದ್ದು ಗಟ್ಟಿಯಾಗಿ ಕೊನೆಗೆ ಬಂದು ನಿಂತಾಗ ಅದು ಗಂಟೆ ಬಾರಿಸುತ್ತದೆ: ಏಳು, ಹೋಗು.

"ಆವಾಗ ಏಳಲಿಲ್ಲ ಅಂದ್ರ?" ಅಂತ ಕೇಳಿದೆ.

"ಸುಮ್ಮನಾಗ್ತದ. ಅಲ್ಲೇ ಇದ್ದು ಇನ್ನಷ್ಟು ನೀರು ಹೀರತದ. ಗಟ್ಟಿ ಆಗ್ತದ. ನೀರು ಕುಡೀದಿದ್ರ ಇನ್ನೂ ಗಟ್ಟಿ. ವರ್ಷಗಟ್ಟಲೆ ಹಿಂಗ ಮಾಡಿದ್ರ ಗಂಟೆ ಬಾರಿಸೂದ ಬಿಡ್ತದ. ಕರುಳು ಹಿಗ್ಗಿ ಉದ್ದ ಆಗ್ತದ. ಉದ್ದ ಆದದ್ದು ಒಂದಿನ ತಿರುವಿಕೊಳ್ಳಬಹುದು."

ನನಗೆ ಶ್ರೀಖಂಡಕ್ಕೆ ಮೊಸರು ಕಟ್ಟಿ ನೇತುಹಾಕುವುದು ನೆನಪಾಯಿತು. ಹೆಚ್ಚು ಹೊತ್ತು ಬಿಟ್ಟರೆ ಅರಿವೆಯಲ್ಲಿ ಕಲ್ಲಿನಂಥ ಗಡ್ಡೆ. ಅವತ್ತಿನಿಂದ ಶ್ರೀಖಂಡ ನನ್ನ ಬಾಯಿಗೆ ಸೇರಿಲ್ಲ.

"ನಮ್ಮ ನಿಯಮದಿಂದಲೇ ಹೀಗಾಯಿತೇನು?" ಎಂದು ಕೇಳಬೇಕೆಂದಿದ್ದೆ. ಸುತ್ತಿ ಬಳಸಿ ಕೇಳಿದೆ. ಅವರು, "ಹಂಗ ಹೇಳಲಿಕ್ಕೆ ಬರೂದಿಲ್ಲ. ಕೆಲವರಿಗೆ ಹುಟ್ಟಿನಿಂದನ ಉದ್ದ ಇರ್ತದ," ಅಂದರು. ಆ ಮಾತು ಹಿಡಿದುಕೊಂಡು ಎರಡು ದಿನ ಸಮಾಧಾನ ಮಾಡಿಕೊಂಡೆ. ಮೂರನೆಯ ದಿನ ಸಮಾಧಾನ ಹರಿದುಹೋಯಿತು. ಕರುಳು ಹುಟ್ಟಿನಿಂದ ಉದ್ದ ಇದ್ದಿರಬಹುದು. ದಶಮಿಯ ಮಾತು ನನ್ನದೇ.

ವಾರ್ಡಿಗೆ ಬಂದ ಮೇಲೆ ಗೋದಕ್ಕ ಮೊದಲ ಸಲ ಚಾದರ ಸರಿಸಿ ಹೊಟ್ಟೆ ನೋಡಿಕೊಂಡರು. ಎಡಗಡೆ, ಹೊಕ್ಕಳಿನ ಕೆಳಗೆ, ತುಟಿಯ ಬಣ್ಣದ ಸಣ್ಣ ಉಬ್ಬು. ಅದರ ಸುತ್ತ ಅಂಟಿಸಿದ ಚೀಲ. ಬಹಳ ಹೊತ್ತು ನೋಡಿದರು.

"ಇದು ಇಪ್ಪತ್ನಾಕು ತಾಸೂ ಹೊರಗ ಇರ್ತದಲ್ಲ. ಇನ್ನ ನಂಗ ಮಡಿ ಉಡ್ಲಿಕ್ಕೆ ಬರೂದಿಲ್ಲ," ಅಂದರು.

ಅಳಲಿಲ್ಲ. ನನಗೆ ಅಳು ಬಂತು, ಅದನ್ನು ಅವರು ತಪ್ಪಾಗಿ ತಿಳಿದು ನನ್ನ ಬೆನ್ನು ಸವರಿದರು. ಹನ್ನೆರಡು ವರ್ಷ ಆ ಮನೆಯಲ್ಲಿ ಅವರಿಗೆ ಇದ್ದದ್ದು ಅದೊಂದೇ. ಗೋದಕ್ಕನ ಕೈ ಅಡುಗೆ. ಪುರೋಹಿತರು ಹೆಸರು ಹಿಡಿದು ಹೊಗಳುತ್ತಿದ್ದ ಅಡುಗೆ.

ಮನೆಗೆ ಬಂದ ಮೇಲೆ ಆರ್ಡರುಗಳನ್ನೆಲ್ಲ ಬಿಟ್ಟೆ. ಆಸ್ಪತ್ರೆಯಲ್ಲಿ ಚೀಲದ ಆರೈಕೆ ನೋಡುವ ನರ್ಸು, ಸ್ಟೋಮಾ ಸಿಸ್ಟರ್, ಕಲಿಸಿದ ಹಾಗೆ ಚೀಲ ತೆಗೆಯುವುದು, ತೊಳೆಯುವುದು, ಚರ್ಮ ಒರೆಸಿ ಹೊಸದು ಅಂಟಿಸುವುದು, ಎಲ್ಲ ನಾನೇ. ಮೊದಲ ದಿನ ಮೂಗಿಗೆ ಸೆರಗು ಕಟ್ಟಿಕೊಂಡೆ. ನಾಲ್ಕನೆಯ ದಿನ ಅಭ್ಯಾಸವಾಯಿತು. ಆಮೇಲೆ ಅದು ನನಗೆ ಬೇಕೇಬೇಕು ಅನಿಸತೊಡಗಿತು. ಚೀಲ ತೊಳೆಯುವಾಗ ಮಾತ್ರ ಎದೆಯ ಭಾರ ಸ್ವಲ್ಪ ಇಳಿಯುತ್ತಿತ್ತು. ಗೋದಕ್ಕ ಮಾತ್ರ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು, ಒಂದು ಸಲವೂ ನೋಡುತ್ತಿರಲಿಲ್ಲ.

ನೋಡಲು ಬಂದ ಮಂದಿಗೆ ಅವರು ಹೇಳುತ್ತಿದ್ದ ಮಾತು ಒಂದೇ: "ವಿದ್ಯಾ ಇದ್ಲು ಅಂತ ಉಳದೆ. ಇಲ್ಲಾಂದ್ರ ಮಣ್ಣಾಗ್ತಿದ್ದೆ."

ಬಂದವರು ನನ್ನ ಕಡೆ ತಿರುಗಿ, "ಹೆತ್ತ ಮಗಳೂ ಇಷ್ಟು ಮಾಡೂದಿಲ್ಲ ಬಿಡ್ರಿ," ಅನ್ನುತ್ತಿದ್ದರು. ಚಹಾ ತರುವ ನೆಪ ಮಾಡಿ ಅಡುಗೆಮನೆಗೆ ಹೋಗಿ ನಿಂತುಬಿಡುತ್ತಿದ್ದೆ. ಯಾರಾದರೂ ಕಪಾಳಕ್ಕೆ ಹೊಡೆದಿದ್ದರೆ ಹಗುರಾಗುತ್ತಿತ್ತು.

ಹೇಳಬೇಕು ಅಂತ ದಿನಾ ಅಂದುಕೊಳ್ಳುತ್ತಿದ್ದೆ. ನಮ್ಮವರನ್ನು ಕೇಳಿದರೆ, "ಈಗ್ಯಾಕ ಅದೆಲ್ಲ? ಮಾಯಲಿ ಮೊದಲ," ಅಂದರು. ಅವರದು ಯಾವಾಗಲೂ ಅದೇ. ನನಗೂ ಅದೇ ಬೇಕಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆರು ವಾರ ಕಳೆದಿತ್ತು. ಒಂದು ಮಧ್ಯಾಹ್ನ ಗ್ಯಾಲರಿಯ ಬಿಸಿಲಲ್ಲಿ ಅವರನ್ನು ಕೂರಿಸಿ ಮೆಂತ್ಯೆ ಸೊಪ್ಪು ಸೋಸುತ್ತಿದ್ದೆ. ಅವರು ತಾವಾಗಿಯೇ ಶುರು ಮಾಡಿದರು.

"ಇದು ಯಾಕಾತು ಅಂತ ನಂಗ ಗೊತ್ತದ, ವಿದ್ಯಾ. ಯಾರಿಗೂ ಹೇಳಿಲ್ಲ. ನಿಂಗ ಹೇಳ್ತೀನಿ."

ಕ್ಯಾಜುವಾಲ್ಟಿಯಲ್ಲಿ ನಾನು ಹೇಳಿದ ಸುಳ್ಳು ಅವರಿಗೆ ಕೇಳಿಸಿದೆ ಅಂದುಕೊಂಡೆ.

"ನವಮಿ ದಿನ ಭಾಳ ಹಸವಾಗಿತ್ತು. ಹಿಂದಿನ ದಿನಾನೂ ಸರಿ ಊಟ ಇರಲಿಲ್ಲ. ನೈವೇದ್ಯ ಆಗೂಕಿಂತ ಮೊದಲ ಒಂದು ಚಿಗಳಿ ಬಾಯಾಗ ಹಾಕ್ಕೊಂಡೆ. ಯಾರೂ ನೋಡ್ಲಿಲ್ಲ. ಹಾಕ್ಕೊಂಡ ಅರ್ಧಾ ತಾಸಿಗೆ ಹೊಟ್ಟಿ ಹಿಡೀತು. ಮಂದಿ ಹಿರೇರಿಗೆ ಇಟ್ಟದ್ದು ಅದು. ಎಂಜಲಾ ಮಾಡಿದೆ. ಅವರು ಸುಮ್ಮನ ಬಿಡ್ತಾರೇನು?"

ಒಂದು ಎಳ್ಳಿನ ಉಂಡೆ. ಗೋಲಿಯಷ್ಟು. ಅದನ್ನು ತಿಂದದ್ದಕ್ಕೆ ಒಂದೂವರೆ ಫೂಟ್ ಕರುಳು ಕೊಟ್ಟೆ ಎಂದು ನಂಬಿಕೊಂಡು ಆ ಹೆಂಗಸು ಆರು ವಾರ ಗೋಡೆಗೆ ಮುಖ ಮಾಡಿ ಮಲಗಿದ್ದಳು.

ನಾನು ಹೇಳಿಬಿಟ್ಟೆ. ನಿಲ್ಲಿಸದೆ ಹೇಳಿದೆ. ನಿಯಮ ನಾನು ಮಾಡಿದ್ದು, ನೀರು ಕುಡಿಯಬೇಡಿ ಅಂದದ್ದು, ಗಿರಾಕಿಗಳ ಮುಂದೆ ಅದನ್ನೇ ಹೊಗಳಿಕೊಂಡದ್ದು. ದಶಮಿ ದಿನ ಬಂದಿದ್ದರೆ ಚೀಲ ಬರುತ್ತಿರಲಿಲ್ಲ ಎಂದು ಡಾಕ್ಟರು ಅಂದದ್ದು. ಇವತ್ತು ಬೆಳಗಿನಿಂದ ನೋವು ಎಂದು ನಾನು ಸುಳ್ಳು ಹೇಳಿದ್ದು. ಚಿಗಳಿಗೂ ಕರುಳಿಗೂ ಏನೂ ಸಂಬಂಧವಿಲ್ಲವೆಂದು ಎರಡು ಸಲ ಹೇಳಿದೆ.

ಗೋದಕ್ಕ ಮಡಿಲಲ್ಲಿದ್ದ ಮೆಂತ್ಯೆಯ ಕಡ್ಡಿಗಳನ್ನು ಒಂದೊಂದಾಗಿ ತೆಗೆದು ಬುಟ್ಟಿಗೆ ಹಾಕಿದರು.

"ಅಂದ್ರ ಚಿಗಳಿ ತಿಂದದ್ದಕ್ಕಲ್ಲ?"

"ಅಲ್ರೀ. ದೇವರಾಣೆ ಅಲ್ಲ."

"ಡಾಕ್ಟರು ಒಂದು ದಿವಸ ಅಂದದ್ದು ನಿಂಗ ಅವತ್ತ ಗೊತ್ತಿತ್ತೇನು?"

"ಗೊತ್ತಿತ್ತು."

ಆಗ ಬಂತು ನೋಡಿ ಸಿಟ್ಟು. ಅವರ ಬಾಯಲ್ಲಿ ನಾನು ಹಿಂದೆಂದೂ ಏರಿದ ದನಿ ಕೇಳಿರಲಿಲ್ಲ.

"ದಿನಾ ಮುಂಜಾನೆ ಎದ್ದು ಸತ್ತವರ ಕಾಲು ಹಿಡೀಲಿಕ್ಹತ್ತಿದ್ನಲ್ಲವಾ ನಾನು! ತಪ್ಪಾತು, ತಪ್ಪಾತು ಅಂತ ಗ್ವಾಡಿಗೆ ಹೇಳ್ಕೋತ! ನೀ ನೋಡ್ಕೋತ ಕೂತಿ? ಒಂದು ಚಿಗಳಿಗೆ ನಾ ಇಷ್ಟು ಸಾಯಬೇಕಾಗಿತ್ತೇನು?"

"ನಿಮ್ಮ ಮನಸ್ನಾಗ ಹಿಂಗದ ಅಂತ ನಂಗೇನು ಗೊತ್ರಿ, ಗೋದಕ್ಕಾ..."

"ನಡಿ ಇಲ್ಲಿಂದ. ಇವತ್ತಿನಿಂದ ಆ ಚೀಲಾ ಮುಟ್ಟಬ್ಯಾಡ. ನಂದು ನಾನ ತೊಳಕೋತೀನಿ."

ತೊಳೆದುಕೊಂಡರು. ಅವತ್ತು ಸಂಜೆ ಬಚ್ಚಲ ಬಾಗಿಲು ಹಾಕಿಕೊಂಡು ಒಂದು ತಾಸು ಒಳಗಿದ್ದರು. ಎರಡು ಸಲ ಏನೋ ಬಿದ್ದ ಸಪ್ಪಳ ಆಯಿತು. ಹೊರಗೆ ನಿಂತು ಬೇಕೇನ್ರಿ ಅಂದೆ. ಹೊರಗೆ ಬಂದಾಗ ಸೀರೆ ಅರ್ಧ ನೆನೆದಿತ್ತು, ಚೀಲ ಸ್ವಲ್ಪ ಸೊಟ್ಟಗೆ ಅಂಟಿತ್ತು. ಸೋರಲಿಲ್ಲ.

ಆ ಕೆಲಸ ಹೋದ ಮೇಲೆ ನನ್ನ ಕೈ ಖಾಲಿಯಾಯಿತು. ಅಲ್ಲಿಯವರೆಗೆ ಚೀಲ ತೊಳೆದು ತೊಳೆದು ನನ್ನ ತಪ್ಪು ತೀರಿಸುತ್ತಿದ್ದೇನೆ ಅಂದುಕೊಂಡಿದ್ದೆ. ಅವರು ಅದನ್ನೂ ಕಸಿದುಕೊಂಡರು. ತಪ್ಪು ಇದ್ದಷ್ಟೇ ಇತ್ತು. ಒಂದು ವಿಷಯ ಮಾತ್ರ ಕಂಡೆ. ಗೋದಕ್ಕ ಗೋಡೆಗೆ ಮುಖ ಮಾಡಿ ಮಲಗುವುದನ್ನು ಬಿಟ್ಟರು. ಗ್ಯಾಲರಿಯಲ್ಲಿ ಓಡಾಡತೊಡಗಿದರು. ಯಾವುದು ತಿಂದರೆ ಎಷ್ಟು ಹೊತ್ತಿಗೆ ಚೀಲಕ್ಕೆ ಬರುತ್ತದೆ ಎಂದು ಸ್ಟೋಮಾ ಸಿಸ್ಟರಿಗೆ ತಾವೇ ಫೋನ್ ಮಾಡಿ ಹೇಳುವಷ್ಟು ತಯಾರಾದರು. "ಮುಂಜಾನೆ ಪಪ್ಪಾಯಿ ತಿಂದ್ರ ಮರುದಿನ ಮೆತ್ತಗ ಬರ್ತದ, ಬರೇ ಅನ್ನಾ ತಿಂದ್ರ ಗಟ್ಟಿ," ಅಂತ ಅವರು ಅಂದರೆ ಆ ಕಡೆ ಸಿಸ್ಟರ್ ನಗುತ್ತಿದ್ದಳು. ನನ್ನ ಜೊತೆ ಮಾತ್ರ ಮಾತು ಬೇಕಾದಷ್ಟೇ. ಉಪ್ಪು ಕೊಡು. ಬಾಗಿಲು ಹಾಕು. ಇಷ್ಟೇ.

ಮಾಘದಲ್ಲಿ ಎರಡನೆಯ ಆಪರೇಷನ್. ಕರುಳಿನ ಎರಡು ತುದಿ ಕೂಡಿಸಿ ಚೀಲ ತೆಗೆಯುವುದು. ಮುಂಚಿನ ದಿನ ಸರ್ಜನ್ ಹಳೆಯ ಫೈಲ್ ತಿರುವಿ ಎಲ್ಲ ಮತ್ತೊಮ್ಮೆ ಓದುತ್ತಿದ್ದರು. ನಾನು ಗೋದಕ್ಕನ ಎದುರಿಗೇ, "ಮ್ಯಾಡಂ, ಅದರಾಗ ಬೆಳಗಿನಿಂದ ನೋವು ಅಂತ ಬರದದ. ಅದು ಸುಳ್ಳು. ಎರಡು ದಿನದ್ದಿತ್ತು. ನಾನ ತಪ್ಪು ಹೇಳಿದ್ದೆ," ಅಂದೆ.

"ಹೊಟ್ಟಿ ತಗದವರಿಗೆ ಅದು ಗೊತ್ತಾಗ್ತದ್ರಿ," ಅಂದರು ಅವರು. ಆದರೂ ಪೆನ್ನು ತೆಗೆದು ತಿದ್ದಿದರು. ಗೋದಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದರು.

ಆಪರೇಷನ್ ಆದ ಮೇಲೆ ಕಾಯುವುದು. ಜೋಡಿಸಿದ ಕರುಳು ಎಚ್ಚರವಾಗಬೇಕು. ಬೆಳಿಗ್ಗೆ ಬಂದ ಡಾಕ್ಟರು, ನರ್ಸು, ಕಸ ಗುಡಿಸುವ ಹೆಂಗಸು, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಗ್ಯಾಸ್ ಪಾಸ್ ಝಾಲಾ ಕಾ?" ಗಾಳಿ ಸರಿಯಿತೇ ಎಂದು. ಒಂದು ದಿನ, ಎರಡು ದಿನ, ಮೂರು ದಿನ. ಇಲ್ಲ. ನಾನು ಹಾಸಿಗೆಯ ಪಕ್ಕದಲ್ಲಿ ಕೂತು ಜನ್ಮದಲ್ಲಿ ಬೇಡಿಕೊಳ್ಳದ್ದನ್ನು ಬೇಡಿಕೊಂಡೆ.

ನಾಲ್ಕನೆಯ ದಿನ ಬೆಳಿಗ್ಗೆ, ಗಂಜಿ ಆರಿಸುತ್ತಿದ್ದಾಗ, ಸಪ್ಪಳ ಬಂತು. ಸಣ್ಣದೇನಲ್ಲ. ಪಕ್ಕದ ಹಾಸಿಗೆಯ ಮರಾಠಿ ಅಜ್ಜಿ ಎದ್ದು ಕೂತು, "ಝಾಲಂ ಗಂ ಬಾಯೀ!" ಆಯಿತಲ್ಲೇ ತಾಯಿ, ಎಂದು ಚಪ್ಪಾಳೆ ತಟ್ಟಿದಳು. ಗೋದಕ್ಕನಿಗೆ ನಾಚಿಕೆ, ನಗು, ಹೊಲಿಗೆಯ ನೋವು ಎಲ್ಲ ಒಟ್ಟಿಗೆ. "ನಗಸಬ್ಯಾಡ್ರಿ, ಹೊಲಿಗಿ ಹರೀತಾವ," ಅನ್ನುತ್ತ ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುದಿನ, "ವಿದ್ಯಾ, ನಡಿ, ಕೈ ಹಿಡಿ," ಅಂದರು. ನಾಲ್ಕೂವರೆ ತಿಂಗಳಾದ ಮೇಲೆ ನನ್ನ ಕೈ ಹಿಡಿದುಕೊಂಡು ಸಂಡಾಸಕ್ಕೆ ಹೋಗಿ, ಎಲ್ಲರ ಹಾಗೆ ಕೂತು, ಎಲ್ಲರ ಹಾಗೆ ಎದ್ದು ಬಂದರು. ಬಾಗಿಲ ಹೊರಗೆ ನಾನು ಗೋಡೆಗೆ ಒರಗಿ ಅತ್ತೆ.

ಈಗ ಬೇಸಿಗೆ. ಗೋದಕ್ಕ ಮತ್ತೆ ಒಲೆಯ ಮುಂದೆ ನಿಂತಿದ್ದಾರೆ, ದಿನಕ್ಕೆ ಒಂದೇ ಅಡುಗೆ. ನಿಯಮ ಈಗ ಅವರದು. ಕೈಯಳತೆಯಲ್ಲಿ ತಂಬಿಗೆ ನೀರು ಇರಬೇಕು. ಹೋಗಬೇಕೆನಿಸಿದರೆ ಒಲೆ ಆರಿಸಿ ಹೋಗುತ್ತಾರೆ, ಕೈಕಾಲು ತೊಳೆದು ಸೀರೆ ಬದಲಿಸಿ ಬರುತ್ತಾರೆ. "ತಲಿಗೆ ನೀರು ಹಾಕ್ಕೊಳ್ಳೂದಿಲ್ಲ. ನಾ ಕೂದಲಿನಿಂದ ಹೋಗಿ ಬರೂದಿಲ್ಲಲ್ಲ," ಅಂದರು. ಫೋನ್ ಮಾಡಿದವರಿಗೆಲ್ಲ ನಾನು ಇದನ್ನು ಮೊದಲೇ ಹೇಳುತ್ತೇನೆ. ಎಷ್ಟೋ ಮನೆಗಳು ಬಿಟ್ಟುಹೋದವು. ಉಳಿದವರಿಗೆ ಕೆಲವು ದಿನ ಅಡುಗೆ ಹೊತ್ತು ಮೀರಿ ಮುಟ್ಟುತ್ತದೆ, ನಾನು ಬೈಸಿಕೊಳ್ಳುತ್ತೇನೆ.

ಹೋದ ವಾರ ಸಂಜೆ ಇಬ್ಬರೂ ಚಹಾ ಕುಡಿಯುತ್ತ ಕೂತಿದ್ದೆವು. ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿಬಿಟ್ಟೆ.

"ಗೋದಕ್ಕಾ, ನನ್ನ ಮ್ಯಾಲಿನ ಸಿಟ್ಟು ಹೋತೇನ್ರಿ?"

ಅವರು ಬಸಿಯಲ್ಲಿದ್ದ ಚಹಾ ಮೇಲೆ ಮೇಲೆ ಊದಿ ಕುಡಿದರು.

"ಇಲ್ಲ. ಪೂರ್ತಿ ಹೋಗಿಲ್ಲ. ಹೋತು ಅಂತ ಯಾಕ ಸುಳ್ಳ ಹೇಳ್ಲಿ? ಒಂದೊಂದು ದಿನ ಹೊಟ್ಟೀ ಮ್ಯಾಲಿನ ಗುರುತು ನೋಡ್ಕೊಂಡ್ರ ಮೈಯೆಲ್ಲಾ ಉರೀತದ. ಇಷ್ಟು ದಿನ ಎಲ್ಲಾ ತಡಕೊಂಡು ತಡಕೊಂಡು ಏನಾತು ನೋಡಿದೀ. ಇದನ್ನ ತಡಕೊಳ್ಳೂದಿಲ್ಲ. ಬಂದಾಗ ಬೈತೀನಿ."

"ಬೈರಿ," ಅಂದೆ.

ಚಹಾ ಮುಗಿಸಿ, ಬಸಿ ಕೆಳಗಿಟ್ಟು, ಬೈದರು.